ತೆಗೆದ ಹಿಮವನ್ನು ಮತ್ತೆ ಹಾಕುವ ಬುರ್ಗಿಯಕ್ಕ

ಬೆಳಗಿನ ಐದೂಮುಕ್ಕಾಲು. ನಮ್ಮ ಬೆಟ್ಟದೂರು ಮಟ್ರೂನ್ ಇನ್ನೂ ಹೊದಿಕೆಯೊಳಗೇ ಇದೆ. ರಾತ್ರಿಯಿಡೀ ಬಿದ್ದ ಹಿಮ ಛಾವಣಿಗಳ ಅಂಚನ್ನೆಲ್ಲ ದುಂಡಗೆ ಮಾಡಿಬಿಟ್ಟಿದೆ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹೇಳಲಾಗದು, ನೆಲವೇ ತೆಳುನೀಲಿಯಾಗಿ ಹೊಳೆಯುತ್ತಿದೆ. ಲೂಯಿಸ್‌ನ ಹಿಮ ತಳ್ಳುವ ಟ್ರ್ಯಾಕ್ಟರ್ ಈಗಷ್ಟೇ ಬೇಕರಿಯ ತಿರುವು ದಾಟಿದೆ. ಅದು ಹೋದ ಕಡೆಯೆಲ್ಲ ರಸ್ತೆ ಕಪ್ಪಗೆ, ಚೊಕ್ಕಟವಾಗಿ, ಯಾರ ಕಾಲೂ ಜಾರದಿರಲೆಂದು ಮೈಮೇಲೆ ಜಲ್ಲಿಪುಡಿ ಚೆಲ್ಲಿಸಿಕೊಂಡು ಮಲಗಿದೆ.

ಟ್ರ್ಯಾಕ್ಟರಿನ ಹಿಂದೆ, ನೂರು ಹೆಜ್ಜೆ ದೂರದಲ್ಲಿ, ತಲೆಗೆ ಉಣ್ಣೆಯ ವಸ್ತ್ರ ಬಿಗಿದ ಒಬ್ಬ ಹೆಂಗಸು ಬರುತ್ತಿದ್ದಾರೆ. ಕೈಯಲ್ಲಿ ಅಗಲವಾದ ಮರದ ಸಲಿಕೆ. ಟ್ರ್ಯಾಕ್ಟರ್ ಪಕ್ಕಕ್ಕೆ ಒತ್ತಿದ ಗುಡ್ಡೆಯಿಂದ ಅವರು ಒಂದೊಂದೇ ಸಲಿಕೆ ಹಿಮ ತೆಗೆದು ರಸ್ತೆಯ ಎಡ ಅಂಚಿಗೆ ವಾಪಸ್ ಹಾಕುತ್ತಾರೆ. ಹಾಕಿ, ಸಲಿಕೆಯ ಬೆನ್ನಿನಿಂದ ಹರಡಿ ತಟ್ಟಿ, ಮೂರು ಹೆಜ್ಜೆ ಮುಂದೆ ಹೋಗುತ್ತಾರೆ.

ನೀವು ಓದಿದ್ದು ಸರಿಯಾಗಿಯೇ ಇದೆ. ಇಡೀ ಊರು ಹಿಮ ತೆಗೆಯುವ ಹೊತ್ತಿನಲ್ಲಿ ಈಕೆ ಹಾಕುತ್ತಾರೆ. ಇಪ್ಪತ್ತೆಂಟು ಚಳಿಗಾಲದಿಂದ ಹೀಗೇ ಹಾಕುತ್ತಿದ್ದಾರೆ. ಹೆಸರು ನೋಟ್‌ಬುರ್ಗಾ, ವಯಸ್ಸು ಅರವತ್ತಾರು. ನಮ್ಮಲ್ಲಿ ಜನರನ್ನು ಮನೆತನದ ಹೆಸರಿನಿಂದ ಗುರುತಿಸುವುದು ರೂಢಿಯಾದ್ದರಿಂದ ಎಲ್ಲರಿಗೂ ಅವರು ಕಮ್ಮಾರಮನೆ ಬುರ್ಗಿಯಕ್ಕ. ಮುಂದೆ ಟ್ರ್ಯಾಕ್ಟರ್ ಓಡಿಸುತ್ತಿರುವ ಲೂಯಿಸ್ ಬೇರೆ ಯಾರೂ ಅಲ್ಲ, ಅವರ ಸ್ವಂತ ತಮ್ಮ.

“ಇವ್ನು ತೆಗೀತಾನೆ, ನಾನು ಹಾಕ್ತೀನಿ. ಚಿಕ್ಕೋರಿದ್ದಾಗ್ಲೂ ಹಿಂಗೇ. ಅವ್ನು ಆಟದ ಸಾಮಾನೆಲ್ಲ ಹರಡೋನು, ನಾನು ಎತ್ತಿಡೋಳು. ಈಗ ಉಲ್ಟಾ ಆಗಿದೆ, ಅಷ್ಟೇ,” ಎನ್ನುತ್ತಾರೆ ಬುರ್ಗಿಯಕ್ಕ. ಮಾತಿನ ನಡುವೆಯೂ ಸಲಿಕೆ ನಿಲ್ಲುವುದಿಲ್ಲ.

ಅವರು ಹಾಕುವ ಹಿಮದ ಪಟ್ಟಿ ಮೂರು ಅಡಿ ಅಗಲ. ಚರ್ಚಿನ ಮುಂದಿನ ವಸತಿಗೃಹಗಳಿಂದ ಶುರುವಾಗಿ, ಬೇಕರಿ, ಡಾಕ್ಟರ ಮನೆ, ಕಿರುಸೇತುವೆ ದಾಟಿ, ರೋಪ್‌ವೇ ಬುಡದಲ್ಲಿ ಅತಿಥಿಗಳ ಮಕ್ಕಳನ್ನು ಬಿಟ್ಟುಹೋಗುವ ಕೂಸಿನ ಕೋಣೆಯ ಬಾಗಿಲಿಗೆ ಮುಟ್ಟುತ್ತದೆ. ಒಟ್ಟು ಒಂಬೈನೂರ ನಲವತ್ತು ಹೆಜ್ಜೆ. ದಿನಕ್ಕೆ ಮುನ್ನೂರರಿಂದ ಮುನ್ನೂರೈವತ್ತು ಸಲಿಕೆ ಹಿಮ. ಬಿಸಿಲು ಜಾಸ್ತಿಯಿದ್ದು ಪಟ್ಟಿ ಕರಗಿದರೆ ಹೊಳೆಯಾಚೆಯ ನೆರಳಿನಿಂದ ಹಿಮ ಹೊತ್ತು ತರಬೇಕು, ಆಗ ಲೆಕ್ಕ ಐನೂರು ದಾಟುತ್ತದೆ. ಇದನ್ನು ಮಾಡೆಂದು ಅವರಿಗೆ ಯಾರೂ ಹೇಳಿಲ್ಲ. ಏಳೂವರೆಯಿಂದ ಕೂಸಿನ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ಅವರ ಸಂಬಳದ ಕೆಲಸ. ಈ ಪಟ್ಟಿ ಯಾವ ಕಾಗದದಲ್ಲೂ ಇಲ್ಲ.

ಪಟ್ಟಿ ಯಾಕೆ ಬೇಕು ಅನ್ನುವುದು ಕೂಸು ಕಟ್ಟಿಕೊಂಡು ಹಿಮದ ಊರಿಗೆ ಬಂದವರಿಗೆ ಮಾತ್ರ ಗೊತ್ತು. ತಳ್ಳುಗಾಡಿಯ ಗಾಲಿ ಹಿಮದಲ್ಲಿ ಹೂತುಕೊಳ್ಳುತ್ತದೆ. ಅದಕ್ಕೇ ಇಲ್ಲಿ ಮಕ್ಕಳನ್ನು ಮರದ ಹಿಮಬಂಡಿಯಲ್ಲಿ, ಕುರಿಚರ್ಮ ಹಾಸಿ, ಹಗ್ಗ ಹಿಡಿದು ಎಳೆಯುತ್ತೇವೆ. ಹಿಮಬಂಡಿ ಹಿಮದ ಮೇಲೆ ಸದ್ದೇ ಇಲ್ಲದೆ ಜಾರುತ್ತದೆ. ಜಲ್ಲಿಪುಡಿ ಸಿಕ್ಕಿತೋ, ಕರ್‌ರ್ ಎಂದು ಕೂಗಿ, ಕುಲುಕಿ, ನಿಂತೇಬಿಡುತ್ತದೆ. ಒಳಗಿದ್ದ ಕೂಸು ಎದ್ದು ಕೂತು ಊರಿಗೆಲ್ಲ ಕೇಳುವಂತೆ ರಾಗ ತೆಗೆಯುತ್ತದೆ.

ಮಟ್ರೂನಿನ ಜನ ಮಾಡಿದ ತಪ್ಪು ಅದೇ. ಅತಿಥಿಗಳಿಗೆ ಕಾಲಿಡಲು ಒಳ್ಳೆಯ ದಾರಿ ಇರಲಿ ಎಂದು ಪ್ರೀತಿಯಿಂದ, ಚೂರೂ ಬಿಡದೆ, ಹಿಮವನ್ನೆಲ್ಲ ಕೆರೆದು ಹಾಕಿದರು. ಅಕ್ಕಪಕ್ಕದ ಊರುಗಳಿಗಿಂತ ನಮ್ಮ ರಸ್ತೆ ಕಪ್ಪಗಿದೆ ಎಂದು ಎದೆಯುಬ್ಬಿಸಿ ಓಡಾಡಿದರು. ಇಪ್ಪತ್ತೆಂಟು ಚಳಿಗಾಲದ ಹಿಂದೆ ಒಂದು ದಿನ ಆ ಚೊಕ್ಕಟ ರಸ್ತೆಯಲ್ಲಿ ಎಂಟು ತಿಂಗಳ ಮಗುವನ್ನು ಎಳೆದುಕೊಂಡು ಬಂದ ಒಬ್ಬ ತಾಯಿ ಬೇಕರಿಯ ಎದುರು ಸಿಕ್ಕಿಹಾಕಿಕೊಂಡಳು. ಬಂಡಿ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಒಂದು ಕೈಯಲ್ಲಿ ಅಳುವ ಮಗು, ಇನ್ನೊಂದರಲ್ಲಿ ಬಂಡಿಯ ಹಗ್ಗ. ಆಗ ವಸತಿಗೃಹದಲ್ಲಿ ಹಾಸಿಗೆ ಹಾಸುವ ಕೆಲಸ ಮಾಡುತ್ತಿದ್ದ ಬುರ್ಗಿಯಕ್ಕ ಮಹಡಿಯ ಕಿಟಕಿಯಿಂದ ಅದನ್ನು ನೋಡಿದರು.

“ಆಯಮ್ಮ ಅಳ್ತಿದ್ಲು. ಮಗು ಅಳೋದು ಬೇರೆ, ತಾಯಿ ಅಳೋದು ಬೇರೆ. ನಾನು ಇಳಿದುಹೋಗಿ ಪಕ್ಕದ ಗುಡ್ಡೆಯಿಂದ ಹಿಮ ತೆಗ್ದು ಬಂಡಿ ಮುಂದೆ ಹಾಕ್ದೆ. ಇನ್ನೊಂದಿಷ್ಟು ಹಾಕ್ದೆ. ಹಂಗೇ ಹಾಕ್ತಾ ಹಾಕ್ತಾ ಅವ್ಳ ರೂಮಿನ ಬಾಗಿಲು ಬಂತು. ಮಾರನೇ ದಿನ ಬೆಳಗ್ಗೆ ಎದ್ದಾಗ ಅದೇ ನೆನಪಾಯ್ತು, ಮತ್ತೆ ಹೋದೆ.”

ಆ ಮಾರನೇ ದಿನ ಇನ್ನೂ ಮುಗಿದಿಲ್ಲ.

ಪಟ್ಟಿ ಹಾಕಿಯಾದ ಮೇಲೆ ಒಂದು ಪರೀಕ್ಷೆ ಇದೆ. ಬುರ್ಗಿಯಕ್ಕ ತಮ್ಮ ಹಳೆಯ ಬಂಡಿಯಲ್ಲಿ ಎಂಟು ಕಿಲೋದ ರೈ ಹಿಟ್ಟಿನ ಚೀಲ ಮಲಗಿಸುತ್ತಾರೆ. ಅದರ ಪಕ್ಕದಲ್ಲಿ ಒಂದು ಬಟ್ಟಲು ಹಾಲು, ಅಂಚಿಗೆ ಎರಡು ಬೆರಳು ಕಡಿಮೆ. ಚರ್ಚಿನಿಂದ ಕೂಸಿನ ಕೋಣೆಯವರೆಗೆ ಎಳೆದುಕೊಂಡು ಹೋಗಿ ಬಟ್ಟಲು ನೋಡುತ್ತಾರೆ. ಹಾಲು ಕುರಿಚರ್ಮಕ್ಕೆ ಚೆಲ್ಲಿದ್ದರೆ ಎಲ್ಲೋ ಉಬ್ಬಿದೆ ಎಂದರ್ಥ. ವಾಪಸ್ ಹೋಗಿ ಹುಡುಕಿ ಸರಿಮಾಡುತ್ತಾರೆ. ಚೆಲ್ಲದಿದ್ದರೆ ಅದೇ ಹಾಲನ್ನು ಕೋಣೆಯ ಒಲೆಯ ಮೇಲೆ ಕಾಯಿಸಿ ಕಾಫಿಗೆ ಬೆರೆಸಿಕೊಂಡು, ಕಿಟಕಿಯ ಬಳಿ ಕೂತು ಕುಡಿಯುತ್ತಾರೆ. ನಾನು ಅವರ ಜೊತೆ ನಡೆದ ಬೆಳಗ್ಗೆ ಹಾಲು ಚೆಲ್ಲಲಿಲ್ಲ. ನನಗೂ ಅರ್ಧ ಲೋಟ ಸಿಕ್ಕಿತು. ಹೊರಗೆ ಬೆಟ್ಟದ ನೆತ್ತಿಗೆ ಮಾತ್ರ ಬಿಸಿಲು ತಾಗಿತ್ತು, ಕೆಳಗಿನ ಊರು ಕನಸಿನಲ್ಲಿ ಮಗ್ಗುಲು ಬದಲಿಸುತ್ತಿರುವಂತೆ ಅಲ್ಲೊಂದು ಇಲ್ಲೊಂದು ದೀಪ ಹೊತ್ತಿಸಿಕೊಳ್ಳುತ್ತಿತ್ತು. ನಾನು ಇಲ್ಲಿಗೆ ಬಂದು ಇಪ್ಪತ್ತೆರಡು ಚಳಿಗಾಲ ಆಯಿತು. ನನ್ನ ಮಗಳು ಮೊದಲ ವರ್ಷದ ನಿದ್ದೆಯನ್ನೆಲ್ಲ ಇದೇ ಪಟ್ಟಿಯ ಮೇಲೆ ಮುಗಿಸಿದ್ದಾಳೆ. ಆ ಹಿಮವನ್ನು ಒಬ್ಬರು ಹಾಕುತ್ತಾರೆ ಎಂದು ನನಗೆ ಗೊತ್ತಾದದ್ದು ಅವಳು ಶಾಲೆಗೆ ಹೋಗತೊಡಗಿದ ಮೇಲೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಸಲಿಕೆಯ ಕೆಲಸಕ್ಕೆ ಇನ್ನೊಂದು ಬಾಲವಿದೆ. ಕೂಸು ಇರುವ ಮನೆಯವರು ಚಳಿಗಾಲದ ರಜೆಗೆ ಯಾವ ಊರಿಗೆ ಹೋಗುವುದೆಂದು ಕೇಳಿ ಪ್ರವಾಸಿ ಕಚೇರಿಗೆ ಬರೆಯುತ್ತಾರೆ. ಕಚೇರಿಯಲ್ಲಿರುವವರಿಗೆ ಮಕ್ಕಳಿಲ್ಲ. ಹಾಗಾಗಿ ಆ ಕಾಗದಗಳೆಲ್ಲ ಬುರ್ಗಿಯಕ್ಕನ ಅಡುಗೆಮನೆ ಮೇಜಿಗೆ ಬಂದು ಬೀಳುತ್ತವೆ. ಕಚೇರಿಯ ಬಣ್ಣದ ಪುಸ್ತಕದಲ್ಲಿ ನಗುವ ಮಗು, ನಗುವ ಬೆಟ್ಟ, ನಗುವ ಹಸು ಎಲ್ಲ ಇವೆ. ಬುರ್ಗಿಯಕ್ಕ ಬರೆಯುವುದು ಬೇರೆಯೇ. ಬೆಟ್ಟದ ಎತ್ತರ ಕೇಳಬೇಡಿ, ರೂಮಿಗೆ ಎಷ್ಟು ಮೆಟ್ಟಿಲು ಎಂದು ಕೇಳಿ. ರೋಪ್‌ವೇಯಲ್ಲಿ ಏರುವಾಗ ಮಗುವಿಗೆ ಹಾಲು ಕುಡಿಸುತ್ತಿರಿ, ಕಿವಿ ಕಟ್ಟುವುದಿಲ್ಲ. ಮಗು ಹನ್ನೊಂದಕ್ಕೆ ಮಲಗುವುದಾದರೆ ಚರ್ಚಿನ ಪಕ್ಕದ ರೂಮು ಬೇಡ, ಗಂಟೆ ಬಡಿಯುತ್ತದೆ. ಇಳಿಜಾರಿನಲ್ಲಿ ದಿನವಿಡೀ ಜಾರುವ ಆಸೆಯಿದ್ದರೆ ನಮ್ಮೂರು ನಿಮಗೆ ಸಾಲದು, ಕಣಿವೆಯಾಚೆ ಹೋಗಿ. ಬಂದವರನ್ನು ಆಚೆಗೆ ಕಳಿಸುತ್ತಾರೆಂದು ಕಚೇರಿಯವರು ಗೊಣಗುತ್ತಾರೆ. ಆದರೆ ಬುರ್ಗಿಯಕ್ಕನ ಪ್ರತಿ ಕಾಗದದ ಕೊನೆಗೂ ಒಂದು ಸಾಲು ಇದ್ದೇ ಇರುತ್ತದೆ: ನಮ್ಮಲ್ಲಿ ನಿಮ್ಮ ಬಾಗಿಲಿನಿಂದ ಕೂಸಿನ ಕೋಣೆಯ ಬಾಗಿಲಿನವರೆಗೆ ಬಂಡಿಯನ್ನು ಎತ್ತದೆ ಎಳೆಯಬಹುದು.

ಈ ವರ್ಷ ಆ ಸಾಲನ್ನು ನಂಬಿ ಬರಲು ಹೊರಟವರು ಹದಿನಾಲ್ಕು ಮನೆಯವರು. ಅವರಲ್ಲಿ ಲಿಂಜ್ ಪಟ್ಟಣದ ಲಿಯೋನಿಯ ಕಾಗದವನ್ನು ಬುರ್ಗಿಯಕ್ಕ ನನಗೆ ತೋರಿಸಿದರು. ಅವಳಿಗೆ ಏಳು ತಿಂಗಳ ಅವಳಿ ಮಕ್ಕಳು. ಮೂರು ಊರುಗಳ ಹೆಸರು ಬರೆದು, ಯಾವುದು ಅಂತ ನೀವೇ ಹೇಳಿ ಎಂದು ಕೇಳಿದ್ದಾಳೆ. ಕೆಳಗೆ ಅವಳದೇ ಮಾತು: ಒಂದು ಮಲಗಿದರೆ ಇನ್ನೊಂದು ಏಳುತ್ತದೆ, ಏಳು ತಿಂಗಳಿಂದ ಹೀಗೇ ಆಗಿದೆ. ನನಗೆ ಸ್ಕೀ ಮಾಡುವುದು ಬೇಡ. ಇಬ್ಬರೂ ಒಟ್ಟಿಗೆ ಮಲಗಿರುವಾಗ ಅರ್ಧ ಗಂಟೆ ಸುಮ್ಮನೆ ನಡೆಯಬೇಕು, ಅಷ್ಟೇ. ಕಾಗದದ ಮಡಿಕೆಗಳು ಸವೆದಿದ್ದವು. ಬುರ್ಗಿಯಕ್ಕ ಎಷ್ಟು ಸಲ ಬಿಡಿಸಿ ಓದಿದ್ದಾರೋ.

ಪಟ್ಟಿಗೆ ಕುತ್ತು ಬಂದಿರುವುದು ಈಗಲೇ. ಕಳೆದ ಫೆಬ್ರವರಿಯಲ್ಲಿ ಬುರ್ಗಿಯಕ್ಕ ಜ್ವರ ಬಂದು ಎರಡು ದಿನ ಮಲಗಿಬಿಟ್ಟರು. ಆ ಎರಡನೆಯ ದಿನ ಮಳೆ ಹನಿದು, ಹನಿದದ್ದು ಹೆಪ್ಪುಗಟ್ಟಿ, ಪಟ್ಟಿ ಗಾಜಿನಂತಾಯಿತು. ಅಂಥ ದಿನ ಅದನ್ನು ಕಬ್ಬಿಣದ ಹಲ್ಲಿನ ಕೈಕುಂಟೆಯಿಂದ ಗೀರಿ ಒರಟು ಮಾಡಬೇಕು. ಗೀರುವವರು ಯಾರೂ ಇರಲಿಲ್ಲ. ನಿವೃತ್ತ ಟೀಚರೊಬ್ಬರು ಬ್ರೆಡ್ಡಿಗೆಂದು ಹೊರಟವರು ಅದರ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡರು. ಬುರ್ಗಿಯಕ್ಕ ಜ್ವರ ಬಿಟ್ಟ ದಿನವೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ, ಡಬ್ಬಿಯಲ್ಲಿ ಒಯ್ದಿದ್ದ ಸೂಪನ್ನು ತಾವೇ ಅವರಿಗೆ ಕುಡಿಸಿ ಬಂದರು. ಟೀಚರು ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಇವರು.

ಪಂಚಾಯಿತಿ ಸುಮ್ಮನಿರುವಂತಿಲ್ಲ. ಇನ್ನು ಮುಂದೆ ರಸ್ತೆಯ ಪೂರ್ತಿ ಅಗಲಕ್ಕೂ ಜಲ್ಲಿಪುಡಿ ಹಾಕಬೇಕು, ಯಾರೂ ರಸ್ತೆಗೆ ಹಿಮ ಹಾಕಕೂಡದು ಎಂಬ ಠರಾವು ಗುರುವಾರದ ಸಭೆಗೆ ಬಂತು. ಲಿಯೋನಿ ಬರುವುದು ಶನಿವಾರ.

ಗುರುವಾರ ಸಂಜೆ ಆರಕ್ಕೆ ಪಂಚಾಯಿತಿ ಕೋಣೆಯಲ್ಲಿ ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಅಧ್ಯಕ್ಷ ಕಸ್ಪಾರ್ ನೋಯ್ನರ್ ಕೆಟ್ಟ ಮನುಷ್ಯನಲ್ಲ. ತನ್ನ ಇಬ್ಬರು ಮಕ್ಕಳನ್ನೂ ಅದೇ ಪಟ್ಟಿಯ ಮೇಲೆ ಎಳೆದವನು. ಆ ಟೀಚರ ಜಾಗದಲ್ಲಿ ನಮ್ಮಮ್ಮ ಇದ್ದಿದ್ದರೆ ಎಂದು ಅವನು ಸಭೆಯನ್ನೇ ಕೇಳಿದ. ಆಮೇಲೆ ಬುರ್ಗಿಯಕ್ಕನ ಕಡೆ ತಿರುಗಿದ.

“ಅಕ್ಕ, ನೀವೇ ಹೇಳಿ. ಇನ್ನು ಯಾರೂ ಬೀಳಲ್ಲ ಅಂತ ಬರ್ದುಕೊಡ್ತೀರಾ?”

“ಇಲ್ಲಪ್ಪ, ಆಗಲ್ಲ,” ಎಂದರು ಬುರ್ಗಿಯಕ್ಕ. ಎದ್ದು ನಿಂತಿದ್ದರು, ಒಗೆದು ಇಸ್ತ್ರಿ ಮಾಡಿದ ಹಬ್ಬದ ಜಾಕೆಟ್ಟು ಹಾಕಿಕೊಂಡಿದ್ದರು. “ಆವತ್ತು ಆಗಿದ್ದು ನನ್ನ ತಪ್ಪು. ನಾನು ಬರಕ್ಕಾಗ್ದೆ ಇದ್ರೆ ಯಾರಿಗಾದ್ರೂ ಹೇಳ್ಬೇಕಿತ್ತು, ಹೇಳ್ಲಿಲ್ಲ. ಆದ್ರೆ ಹದಿನಾಲ್ಕು ಮನೆಯೋರಿಗೆ ನಾನು ಬರ್ದುಬಿಟ್ಟಿದ್ದೀನಿ, ಬಂಡಿ ಎಳೀಬಹುದು ಅಂತ. ಸುಳ್ಳು ಬರೆದು ನಂಗೆ ಅಭ್ಯಾಸ ಇಲ್ಲ. ನೀವು ಬೇಡ ಅಂದ್ರೆ ಇವತ್ತೇ ಕೂತು ಹದಿನಾಲ್ಕು ಕಾಗದ ಬರೀತೀನಿ, ಬರಬೇಡಿ ಅಂತ. ಸಹಿ ಮಾತ್ರ ನೀನು ಹಾಕ್ಬೇಕು, ಕಸ್ಪಾರ್.”

ಜಾಕೆಟ್ಟಿನ ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ಜಗಳಕ್ಕೆ ಇಟ್ಟದ್ದಲ್ಲ, ನಿಜವಾಗಿಯೂ ಸಹಿಗೆಂದೇ ಇಟ್ಟದ್ದು. ಕಸ್ಪಾರ್ ಪೆನ್ನನ್ನು ನೋಡಿದ, ಮುಟ್ಟಲಿಲ್ಲ. ಅವನು ಕೇಳಿದ್ದು ಒಂದೇ ಮಾತು, ಮತ್ತೆ ಜ್ವರ ಬಂದರೆ ಯಾರು ಗೀರುತ್ತಾರೆ ಎಂದು.

ಇಪ್ಪತ್ತೆಂಟು ವರ್ಷದಲ್ಲಿ ಬುರ್ಗಿಯಕ್ಕ ಯಾರನ್ನೂ ಕೇಳಿಲ್ಲ, ಯಾರೂ ತಾವಾಗಿ ಬಂದಿಲ್ಲ. ಗಂಡ ಫ್ಲೋರಿಯಾನ್‌ಗೆ ಮಂಡಿನೋವು. ಬುರ್ಗಿಯಕ್ಕನ ಕೈ ಪೆನ್ನಿನ ಕಡೆಗೆ ಹೋಯಿತು, ಬಹುಶಃ ವಾಪಸ್ ತೆಗೆದುಕೊಂಡು ಮನೆಗೆ ಹೋಗಿ ಆ ಕಾಗದಗಳನ್ನು ಬರೆಯುವುದಕ್ಕೆ. ಆಗ ನನ್ನ ಪಕ್ಕದಲ್ಲಿ, ಗೋಡೆಗೊರಗಿ ಟೊಪ್ಪಿ ಹಿಚುಕುತ್ತ ಕೂತಿದ್ದ ಲೂಯಿಸ್ ಗಂಟಲು ಸರಿಮಾಡಿಕೊಂಡ. ವರ್ಷವಿಡೀ ಅಕ್ಕನ ಮೇಲೆ ದೂರುವವನು ಅವನು. ನಾನು ತೆಗೆದದ್ದನ್ನು ಇವಳು ಹಾಕುತ್ತಾಳೆ, ನನ್ನ ಕೆಲಸಕ್ಕೆ ಬೆಲೆಯೇ ಇಲ್ಲ ಎಂದು ಹೋಟೆಲಿನಲ್ಲಿ ಅವನು ಹೇಳದ ಸಂಜೆಯಿಲ್ಲ.

“ನಾನು ಗೀರ್ತೀನಿ,” ಎಂದ. “ಅಕ್ಕಂಗೆ ಬರಕ್ಕಾಗ್ದೆ ಇದ್ದ ದಿನ ಹಿಮಾನೂ ನಾನೇ ಹಾಕ್ತೀನಿ. ತೆಗೆಯೋನೂ ನಾನೇ, ಹಾಕೋನೂ ನಾನೇ. ಯಾರೂ ನಗಬೇಡಿ.”

ನಕ್ಕರು, ಆದರೆ ಮೆತ್ತಗೆ. ಕೊನೆಗೆ ಸಭೆ ಒಪ್ಪಿದ್ದು ಇಷ್ಟು. ಈ ಈಸ್ಟರಿನವರೆಗೆ ಪಟ್ಟಿ ಇರಲಿ. ಅದರ ಎರಡೂ ಅಂಚಿಗೆ ಹತ್ತು ಹೆಜ್ಜೆಗೊಂದರಂತೆ ಸ್ಪ್ರೂಸ್ ಮರದ ಹಸಿರು ರೆಂಬೆ ನೆಡಬೇಕು, ನಡೆಯುವವರಿಗೆ ಇದು ಕೂಸಿನ ದಾರಿ ಎಂದು ಕಾಣಬೇಕು. ಮತ್ತೊಬ್ಬರು ಬಿದ್ದರೆ ಆ ದಿನವೇ ಪಟ್ಟಿ ರದ್ದು. ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ. ಬುರ್ಗಿಯಕ್ಕ ಎಲ್ಲದಕ್ಕೂ ತಲೆಯಾಡಿಸಿ, ಪೆನ್ನು ಜೇಬಿಗಿಟ್ಟುಕೊಂಡು, ಹೊರಗೆ ಬಂದು ತಮ್ಮನಿಗೆ ಹೇಳಿದ್ದು, ಕುಂಟೆಯ ಹಿಡಿ ಸಡಿಲವಾಗಿದೆ ನೋಡಿಟ್ಟುಕೋ ಎಂದು. ಅವನಿಗೆ ಅದಕ್ಕಿಂತ ಹೆಚ್ಚಿನ ಧನ್ಯವಾದ ಬೇಕಿರಲಿಲ್ಲ ಎಂದು ಕಾಣುತ್ತದೆ, ಮನೆಯವರೆಗೂ ಸಿಳ್ಳೆ ಹಾಕುತ್ತ ಹೋದ.

ಶುಕ್ರವಾರ ಇಡೀ ದಿನ ರೆಂಬೆ ಕಡಿದು ನೆಟ್ಟರು. ಶನಿವಾರ ಅತಿಥಿಗಳು ಬಂದಿಳಿದರು. ಸಂಜೆ ಒಂದು ನೀಲಿ ಕಾರಿನಿಂದ ತೆಳ್ಳನೆಯ ಹುಡುಗಿಯೊಬ್ಬಳು ಎರಡು ಬುಟ್ಟಿಗಳನ್ನು ಇಳಿಸುವುದನ್ನು ಬುರ್ಗಿಯಕ್ಕ ದೂರದಿಂದಲೇ ನೋಡಿದರು. ಹೋಗಿ ಮಾತಾಡಿಸೋಣ ಎಂದೆ. ಬೇಡ ಎಂದರು. ತಾನು ಯಾರೆಂದು ಗೊತ್ತಾದರೆ ಪಾಪ, ಮಕ್ಕಳು ಮಲಗದಿದ್ದರೂ ಮಲಗಿದವು ಎಂದು ಹೇಳುತ್ತಾಳೆ, ಅದು ಯಾರಿಗೂ ಉಪಯೋಗವಿಲ್ಲ ಎಂಬುದು ಅವರ ಲೆಕ್ಕ.

ಭಾನುವಾರ ಬೆಳಗ್ಗೆ ಅವರು ಹಿಟ್ಟಿನ ಚೀಲ, ಹಾಲಿನ ಬಟ್ಟಲು ಎಳೆದದ್ದು ಮೂರು ಸಲ. ಮೊದಲ ಸಲ ಕಿರುಸೇತುವೆಯ ಮೇಲೆ ಹಾಲು ಒಂದು ಹನಿ ಹೊರಗೆ ಬಿತ್ತು. ಅಲ್ಲಿ ಮೊಣಕಾಲೂರಿ ಕೂತು, ಕೈಗವಸು ಬಿಚ್ಚಿ, ಬರಿಗೈಯಲ್ಲಿ ಹಿಮ ನೇವರಿಸಿ ಉಬ್ಬು ಹುಡುಕಿದರು. ಅರವತ್ತಾರರ ಬೆನ್ನು ಏಳುವಾಗ ಎರಡು ಸಲ ಯೋಚಿಸಿತು. ಮೂರನೆಯ ಸಲ ಹಾಲು ಅಲುಗಲೂ ಇಲ್ಲ. ಬೆರಳುಗಳು ಕೆಂಪಾಗಿದ್ದವು, ಬಾಯಲ್ಲಿ ಊದಿಕೊಂಡರು.

ಭಾನುವಾರ ಅವರಿಗೆ ರಜೆ. ಆದರೂ ಹತ್ತು ಗಂಟೆಗೆ ನಾವು ಬೇಕರಿಯ ಮೆಟ್ಟಿಲಿನ ಮೇಲೆ, ಬ್ರೆಡ್ಡು ಕೊಂಡವರಂತೆ ನಿಂತಿದ್ದೆವು. ಹಿಮ ಹೂವಿನ ಎಸಳಿನಷ್ಟು ನಿಧಾನವಾಗಿ, ಬೀಳುವುದಕ್ಕೆ ಮನಸ್ಸಿಲ್ಲದಂತೆ ಬೀಳುತ್ತಿತ್ತು. ಹಸಿರು ರೆಂಬೆಗಳ ನಡುವಿನ ಬಿಳಿ ದಾರಿಯಲ್ಲಿ ಲಿಯೋನಿ ಬಂದಳು. ಹೆಗಲಿಗೆ ಹಗ್ಗ, ಹಿಂದೆ ಬಂಡಿ, ಬಂಡಿಯಲ್ಲಿ ಒಂದೇ ಕುರಿಚರ್ಮದೊಳಗೆ ಎರಡು ಟೊಪ್ಪಿಗಳು, ಒಂದು ಹಳದಿ, ಒಂದು ಕೆಂಪು. ಹಳದಿ ಟೊಪ್ಪಿ ಮಲಗಿತ್ತು. ಕೆಂಪು ಟೊಪ್ಪಿ ಕಣ್ಣು ಬಿಟ್ಟುಕೊಂಡು ಆಕಾಶ ನೋಡುತ್ತಿತ್ತು. ಲಿಯೋನಿ ಹತ್ತು ಹೆಜ್ಜೆಗೊಮ್ಮೆ ಹಿಂದಿರುಗಿ ನೋಡುತ್ತಿದ್ದಳು. ಅವಳ ಮುಖದಲ್ಲಿ ಇನ್ನೇನು ಅಳು ಬರುತ್ತದೆ ಎಂದು ಕಾಯುವವರ ಬಿಗಿ ಇತ್ತು.

ಅಷ್ಟರಲ್ಲಿ ಎದುರಿನಿಂದ ಲೂಯಿಸ್‌ನ ಟ್ರ್ಯಾಕ್ಟರ್ ಗುಡುಗುತ್ತ ತಿರುವಿಗೆ ಬಂತು. ಬುರ್ಗಿಯಕ್ಕ ನನ್ನ ತೋಳು ಹಿಡಿದುಕೊಂಡರು. ಹಿಮಕ್ಕೆ ಅವರು ಏನು ಬೇಕಾದರೂ ಮಾಡಬಲ್ಲರು, ಆ ಎಂಜಿನ್ನಿಗೆ ಏನೂ ಮಾಡಲಾರರು. ಲೂಯಿಸ್ ಬಂಡಿಯನ್ನು ಕಂಡ. ಟ್ರ್ಯಾಕ್ಟರನ್ನು ಡಾಕ್ಟರ ಮನೆಯ ಪಕ್ಕಕ್ಕೆ ಒತ್ತಿ ಎಂಜಿನ್ ಆಫ್ ಮಾಡಿದ. ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಚರ್ಚಿನಲ್ಲಿ ಕೂತವನಂತೆ ಕೂತ.

ಊರು ಪೂರ್ತಿ ನಿಶ್ಶಬ್ದವಾಯಿತು. ಬಂಡಿ ನಮ್ಮ ಮುಂದೆ ಹಾದುಹೋಯಿತು, ಸದ್ದಿಲ್ಲ. ಕೆಂಪು ಟೊಪ್ಪಿಯ ರೆಪ್ಪೆ ಒಮ್ಮೆ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ಕಿರುಸೇತುವೆಯ ಹತ್ತಿರ ಲಿಯೋನಿ ಹಿಂದಿರುಗಿ ನೋಡಿದವಳು ಹಾಗೇ ನಿಂತುಬಿಟ್ಟಳು. ಬಗ್ಗಿ ಒಂದು ಮುಖ ನೋಡಿದಳು, ಇನ್ನೊಂದು ಮುಖ ನೋಡಿದಳು. ನೆಟ್ಟಗೆ ನಿಂತು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹಗ್ಗ ಹೆಗಲಿಗೇರಿಸಿ, ಈ ಸಲ ಹಿಂದಕ್ಕೆ ನೋಡದೆ, ಕೂಸಿನ ಕೋಣೆಯವರೆಗೂ ನಡೆದಳು.

ಬಾಗಿಲು ತೆರೆದು ಒಳಗೆ ಹೋಗುತ್ತಾಳೆ ಎಂದುಕೊಂಡೆವು. ಹೋಗಲಿಲ್ಲ. ಬಂಡಿಯನ್ನು ನಿಧಾನಕ್ಕೆ, ಅಗಲವಾಗಿ ತಿರುಗಿಸಿಕೊಂಡು ಬಂದ ದಾರಿಯಲ್ಲೇ ವಾಪಸ್ ಹೊರಟಳು. ಮುಖ ಮೇಲೆತ್ತಿದ್ದಳು, ಹಿಮ ಕೆನ್ನೆಗೆ ಬೀಳಲಿ ಎಂದು. ನನ್ನ ಕಣ್ಣು ತುಂಬಿಬಂತು, ಮುಚ್ಚಿಡುವುದೇನಿದೆ.

ಲೂಯಿಸ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಸದ್ದು ಮಾಡದೆ, ಕೈಸನ್ನೆಯಲ್ಲಿ ಅಕ್ಕನನ್ನು ಕೇಳಿದ. ನನಗೆ ಇನ್ನೂ ಅರ್ಧ ಊರು ಬಾಕಿಯಿದೆ, ಹೊರಡಲಾ?

ಬುರ್ಗಿಯಕ್ಕ ಬೇಡ ಎಂದು ತಲೆಯಾಡಿಸಿದರು. ಕೆಂಪಗಾದ ಬೆರಳುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಂಡಿ ಹೋದ ಕಡೆಗೇ ನೋಡುತ್ತ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು:

“ಇನ್ನೊಂದು ಸುತ್ತು ನಡೀಲಿ ಬಿಡು. ಹಾಕಿದ್ದೀನಲ್ಲ ಹಿಮ.”